ಪತಂಗಕ್ಕೊಂದು ಶಿಲ್ಪ, ಅದಕ್ಕೊಂದಿಷ್ಟು ಕತ್ತಲೆ

ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ, ಡ್ರೇಕ್‌ಫರ್ಡ್ ಡ್ರೈವ್ ಎಂಬ ರಸ್ತೆಯ ಪಕ್ಕ ಒಂದು ದೊಡ್ಡ ಶಿಲ್ಪ ನಿಂತಿದೆ. ಅಲೆಕ್ಸಾಂಡರ್ ನಾಕ್ಸ್ ಎಂಬ ಶಿಲ್ಪಿ 2012ರಲ್ಲಿ ಮಾಡಿದ ಈ ಕೃತಿಯ ಹೆಸರು ಕನ್ನಡದಲ್ಲಿ ಹೇಳುವುದಾದರೆ ‘ರಾಜಧಾನಿಯನ್ನೇರುತ್ತಿರುವ ಪತಂಗ’. ಅದಕ್ಕೂ ಹಿಂದೆ, 2001ರಲ್ಲಿ, ಜಿಮ್ ವಿಲಿಯಮ್ಸ್ ಮತ್ತು ಮ್ಯಾಥ್ಯೂ ಹಾರ್ಡಿಂಗ್ ಎಂಬಿಬ್ಬರು ಅದೇ ಊರಿನಲ್ಲಿ ‘ಬೊಗಾಂಗ್ ಪತಂಗಗಳು’ ಎಂಬ ಶಿಲ್ಪ ಮಾಡಿದ್ದರು. ರಾಜಧಾನಿ ಎಂದ ಮೇಲೆ ಸೇನಾಪತಿಗಳಿಗೂ ಪ್ರಧಾನಿಗಳಿಗೂ ಪ್ರತಿಮೆ ಇರುವುದು ಸಹಜ. ರೆಕ್ಕೆ ಬಿಚ್ಚಿದರೆ ಐದು ಸೆಂಟಿಮೀಟರ್ ಕೂಡ ದಾಟದ, ಕಂದು ಬಣ್ಣದ, ರೈತರು ಬೆಳೆಗೆ ಶತ್ರುವೆಂದೇ ಎಣಿಸಿರುವ ಒಂದು ಹುಳಕ್ಕೆ ಎರಡೆರಡು ಶಿಲ್ಪಗಳೇಕೆ?

ಉತ್ತರ ಬೇಕಿದ್ದರೆ ಈ ಪತಂಗದ ಒಂದು ವರ್ಷದ ದಿನಚರಿ ನೋಡಬೇಕು. ಬೊಗಾಂಗ್ ಪತಂಗ ಹುಟ್ಟುವುದು ಕ್ವೀನ್ಸ್‌ಲ್ಯಾಂಡಿನ ದಕ್ಷಿಣ ಭಾಗ ಮತ್ತು ನ್ಯೂ ಸೌತ್ ವೇಲ್ಸ್‌ನ ಪಶ್ಚಿಮ ಭಾಗದ ಬಯಲುಗಳಲ್ಲಿ. ಚಳಿಗಾಲದಲ್ಲಿ ಅದರ ಮರಿಹುಳು ಹಗಲೆಲ್ಲ ಮಣ್ಣಿನಲ್ಲಿ ಅಡಗಿದ್ದು, ರಾತ್ರಿ ಮೇಲೆ ಬಂದು ಎಳೆಯ ಪೈರಿನ ಕಾಂಡವನ್ನು ಬುಡದಲ್ಲೇ ಕತ್ತರಿಸುತ್ತದೆ. ಅಲ್ಲಿ ವಸಂತ ಬರುವುದು ಸೆಪ್ಟೆಂಬರ್ ಹೊತ್ತಿಗೆ. ಆಗ ರೆಕ್ಕೆ ಮೂಡಿದ ಪತಂಗಗಳು ಬಯಲು ಸುಡುವ ಮೊದಲೇ ಹೊರಟುಬಿಡುತ್ತವೆ. ರಾತ್ರಿ ಹಾರಾಟ, ಹಗಲು ವಿಶ್ರಾಂತಿ, ದಾರಿಯಲ್ಲಿ ಸಿಕ್ಕ ಹೂಗಳ ಮಕರಂದ. ಹೀಗೆ ಸಾವಿರ ಕಿಲೋಮೀಟರ್‌ವರೆಗೂ ಸಾಗಿ ಅವು ಸ್ನೋಯಿ ಪರ್ವತಗಳನ್ನೂ ವಿಕ್ಟೋರಿಯಾದ ಎತ್ತರದ ಬೆಟ್ಟಗಳನ್ನೂ ಸೇರುತ್ತವೆ. ಅಲ್ಲಿನ ತಂಪಾದ ಬಂಡೆಸಂದುಗಳಲ್ಲಿ, ಗುಹೆಗಳಲ್ಲಿ, ಬೇಸಿಗೆ ಮುಗಿಯುವ ತನಕ ಅಲುಗಾಡದೆ ಕೂರುತ್ತವೆ. ಒಂದು ಚದರ ಮೀಟರ್ ಗೋಡೆಯಲ್ಲಿ ಸುಮಾರು 17,000 ಪತಂಗಗಳು, ಒಂದರ ರೆಕ್ಕೆಯಡಿ ಇನ್ನೊಂದರ ತಲೆ, ಸೂರಿಗೆ ಮಂಗಳೂರು ಹೆಂಚು ಹೊದಿಸಿದ ಹಾಗೆ. ಶರತ್ಕಾಲದಲ್ಲಿ ಅದೇ ಪತಂಗಗಳು ಬಂದ ದಾರಿಯಲ್ಲೇ ಮರಳಿ, ಹುಟ್ಟಿದ ಬಯಲಿನಲ್ಲಿ ಮೊಟ್ಟೆಯಿಟ್ಟು ಸಾಯುತ್ತವೆ. ಮುಂದಿನ ವರ್ಷ ಹೊರಡುವ ಪತಂಗಗಳಿಗೆ ದಾರಿ ತೋರಿಸಲು ಹಿರಿಯರು ಯಾರೂ ಉಳಿದಿರುವುದಿಲ್ಲ. ಬೆಟ್ಟವನ್ನು ಎಂದೂ ಕಾಣದ ಹುಳ ಬೆಟ್ಟಕ್ಕೇ ಹೋಗಿ ತಲುಪುತ್ತದೆ.

ಬೆಟ್ಟದ ಮೇಲೆ ಕುಳಿತ ಪತಂಗದ ಮೈತುಂಬ ಕೊಬ್ಬು. ಈ ಕೊಬ್ಬಿಗಾಗಿಯೇ ಅಲ್ಲಿನ ಮೂಲನಿವಾಸಿ ಸಮುದಾಯಗಳು ಪ್ರತಿ ಬೇಸಿಗೆ ಬೆಟ್ಟ ಹತ್ತುತ್ತಿದ್ದವು. ಪತಂಗಗಳನ್ನು ಬಿಸಿ ಬೂದಿಯಲ್ಲಿ ಹುರಿದು, ರೆಕ್ಕೆ ಕಾಲು ಉದುರಿಸಿ ತಿನ್ನುತ್ತಿದ್ದರು, ಇಲ್ಲವೇ ಅರೆದು ಉಂಡೆ ಕಟ್ಟಿ ಇಟ್ಟುಕೊಳ್ಳುತ್ತಿದ್ದರು. ಬೇರೆ ಬೇರೆ ಭಾಷೆಯಾಡುವ ಗುಂಪುಗಳು ಸೇರಿ ಹಬ್ಬ ಮಾಡುವ, ಮದುವೆ ಸಂಬಂಧ ಕುದುರಿಸುವ, ವ್ಯಾಜ್ಯ ತೀರಿಸಿಕೊಳ್ಳುವ ಕಾಲವೂ ಅದೇ. ಇದೆಲ್ಲ ಎಷ್ಟು ಹಳೆಯದು ಎಂಬುದಕ್ಕೆ ಕಲ್ಲಿನ ಸಾಕ್ಷಿಯೂ ಸಿಕ್ಕಿದೆ. ವಿಕ್ಟೋರಿಯಾದ ಗುನಾಯ್‌ಕುರ್ನಾಯ್ ಜನರ ನೆಲದಲ್ಲಿರುವ ಕ್ಲಾಗ್ಸ್ ಗುಹೆಯಲ್ಲಿ 2019ರಲ್ಲಿ ಸಿಕ್ಕ ಒಂದು ಅರೆಯುವ ಕಲ್ಲಿನ ಮೇಲೆ ಬೊಗಾಂಗ್ ಪತಂಗದ ಅವಶೇಷಗಳಿದ್ದವು. ಅವುಗಳ ವಯಸ್ಸು ಸುಮಾರು 2,000 ವರ್ಷ.

ಕ್ಯಾನ್‌ಬೆರಾದಿಂದ ನೈರುತ್ಯಕ್ಕೆ, ಮರ್ರೆ ನದಿಯ ದಂಡೆಯ ಆಲ್ಬರಿ ಪಟ್ಟಣದಲ್ಲಿ ಈ ನೆನಪಿಗೆ ಇನ್ನೊಂದು ರೂಪ ಬಂದಿದೆ. ನದಿಯ ಪಕ್ಕದ ಕಾಲುದಾರಿಯುದ್ದಕ್ಕೂ ಮೂಲನಿವಾಸಿ ಕಲಾವಿದರ ಶಿಲ್ಪಗಳನ್ನು ನಿಲ್ಲಿಸಿದ್ದಾರೆ. ದಾರಿಗೆ ‘ಯಿಂಡ್ಯಮರ್ರ’ ಎಂಬ, ಆ ಸೀಮೆಯ ಮೂಲನಿವಾಸಿಗಳ ವಿರಾಜುರಿ ಭಾಷೆಯ ಹೆಸರಿದೆ. ಗೌರವದಿಂದ, ಸಾವಧಾನವಾಗಿ ನಡೆದುಕೊಳ್ಳುವುದು ಎಂದು ಅರ್ಥ. ಅಲ್ಲಿನ ಶಿಲ್ಪಗಳಲ್ಲಿ ಒಂದರ ವಸ್ತು ಬೊಗಾಂಗ್ ಪತಂಗದ ವಲಸೆ. ಆಲ್ಬರಿಯ ಹತ್ತಿರದ ಮುಂಗಾಬರೀನ ಎಂಬ ನದಿತೀರದಲ್ಲಿ ಹಿಂದೆ ಹಲವು ಸಮುದಾಯಗಳು ಒಟ್ಟುಗೂಡಿ ಬೆಟ್ಟಕ್ಕೆ ಹೊರಡುತ್ತಿದ್ದವು. ಈಗಿನ ಕಾಲದಲ್ಲೂ ಅಲ್ಲಿ ಪತಂಗದ ಹೆಸರಿನಲ್ಲಿ ಹಬ್ಬ ನಡೆದಿದೆ. ನನಗೆ ಕ್ಯಾನ್‌ಬೆರಾದ ರಸ್ತೆಬದಿಯ ಶಿಲ್ಪಕ್ಕಿಂತ ಆಲ್ಬರಿಯದು ಹೆಚ್ಚು ಸರಿಯಾದ ಜಾಗದಲ್ಲಿದೆ ಅನಿಸುತ್ತದೆ. ಕಾರಿನ ಕಿಟಕಿಯಿಂದ ಪತಂಗವನ್ನು ಎಷ್ಟು ಹೊತ್ತು ನೋಡಲು ಸಾಧ್ಯ? ಆಲ್ಬರಿಯ ದಾರಿಯಲ್ಲಿ ಜನ ನಡೆದೇ ಹೋಗುತ್ತಾರೆ, ಸುತ್ತ ನದಿಯಂಚಿನ ಗಿಡಮರಗಳಿವೆ.

ಆದರೆ ಕ್ಯಾನ್‌ಬೆರಾದ ಶಿಲ್ಪದ ಹೆಸರಿನಲ್ಲಿ ಒಂದು ಕೊಂಕು ಇದೆ, ಅದನ್ನು ಬಿಡುವಂತಿಲ್ಲ. ಈ ನಗರ ಕುಳಿತಿರುವುದೇ ಪತಂಗಗಳ ವಲಸೆ ದಾರಿಯ ಮೇಲೆ. 1988ರಲ್ಲಿ ತೆರೆದ ಹೊಸ ಸಂಸತ್ ಭವನ ಗುಡ್ಡದ ಮೇಲಿದೆ, ರಾತ್ರಿ ಹೊನಲು ಬೆಳಕಿನಲ್ಲಿ ಬೆಳಗುತ್ತದೆ. ವಸಂತ ಬಂತೆಂದರೆ ಪತಂಗಗಳು ಅಲ್ಲಿಗೆ ಮುಗಿಬೀಳುತ್ತವೆ; ಕಾರಿಡಾರುಗಳಲ್ಲಿ, ದೀಪದ ಗೂಡುಗಳಲ್ಲಿ, ಪರದೆಗಳ ಮಡಿಕೆಗಳಲ್ಲಿ ಸೇರಿಕೊಳ್ಳುತ್ತವೆ. ಸಿಡ್ನಿಗೂ ಇದು ಹೊಸದಲ್ಲ. 1865ರಲ್ಲಿ ಅಲ್ಲಿನ ಒಂದು ಚರ್ಚಿಗೆ ಪತಂಗಗಳು ನುಗ್ಗಿ ಪ್ರಾರ್ಥನೆಯನ್ನೇ ನಿಲ್ಲಿಸಬೇಕಾಯಿತು. 2000ದ ಸಿಡ್ನಿ ಒಲಿಂಪಿಕ್ಸ್‌ನ ಸಮಾರೋಪದಲ್ಲಿ ಗಾಯಕಿ ಇವೊನ್ ಕೆನಿ ಹಾಡುತ್ತಿದ್ದಾಗ ಬೊಗಾಂಗ್ ಪತಂಗವೊಂದು ಬಂದು ಅವರ ಉಡುಪಿನ ಮೇಲೆ ಕುಳಿತಿತ್ತು. ಇವನ್ನೆಲ್ಲ ಜನ ತಮಾಷೆಯಾಗಿ ನೆನೆಯುತ್ತಾರೆ. ಪತಂಗದ ಕಡೆಯಿಂದ ನೋಡಿದರೆ ಅದು ದಾರಿ ತಪ್ಪಿದ್ದು, ಬೆಟ್ಟಕ್ಕೆಂದು ಉಳಿಸಿಕೊಂಡಿದ್ದ ಕೊಬ್ಬನ್ನು ದೀಪದ ಸುತ್ತ ಕರಗಿಸಿಕೊಂಡದ್ದು.

ದೀಪಕ್ಕೆ ಹುಳ ಏಕೆ ಬರುತ್ತದೆ ಎಂಬುದಕ್ಕೆ ನಮ್ಮ ಕವಿಗಳು ಕೊಟ್ಟ ಉತ್ತರ ಮೋಹ. ವಿಜ್ಞಾನಿಗಳು ಬಹುಕಾಲ ಹೇಳುತ್ತಿದ್ದದ್ದು, ಅದು ದೀಪವನ್ನು ಚಂದ್ರನೆಂದು ತಿಳಿಯುತ್ತದೆ ಎಂದು. 2024ರಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಸಂಗಡಿಗರು ಅತಿವೇಗದ ಕ್ಯಾಮೆರಾಗಳಲ್ಲಿ ಕೀಟಗಳ ಹಾರಾಟವನ್ನು ಸೆರೆಹಿಡಿದು ಬೇರೆಯೇ ವಿವರಣೆ ಕೊಟ್ಟರು. ಕೋಟ್ಯಂತರ ವರ್ಷಗಳಿಂದ ರಾತ್ರಿಯ ಜಗತ್ತಿನಲ್ಲಿ ಹೆಚ್ಚು ಬೆಳಕು ಇದ್ದದ್ದು ಮೇಲೆ, ಆಕಾಶದಲ್ಲಿ. ಹಾಗಾಗಿ ಹಾರುವ ಕೀಟ ತನ್ನ ಬೆನ್ನನ್ನು ಬೆಳಕಿನ ಕಡೆಗೆ ಇಟ್ಟುಕೊಂಡರೆ ಸಾಕು, ಮೇಲೆ ಯಾವುದು ಕೆಳಗೆ ಯಾವುದು ಎಂಬುದು ತಾನಾಗಿ ಗೊತ್ತಾಗುತ್ತದೆ. ಪಕ್ಕದಲ್ಲಿ ಒಂದು ಬಲ್ಬು ಉರಿಯುತ್ತಿದ್ದರೆ ಇದೇ ಲೆಕ್ಕ ಕೈಕೊಡುತ್ತದೆ. ಹುಳ ಬೆನ್ನನ್ನು ಬಲ್ಬಿನತ್ತ ವಾಲಿಸುತ್ತದೆ, ವಾಲಿದ್ದರಿಂದ ದಾರಿ ಬಾಗುತ್ತದೆ, ಬಾಗಿದಷ್ಟೂ ಮತ್ತೆ ವಾಲುತ್ತದೆ. ಹೊರಗೆ ಹೋಗಲಾರದ ಸುತ್ತು ಅದು. ದೀಪ ನೆಲದಿಂದ ಮೇಲ್ಮುಖವಾಗಿದ್ದರೆ ಇನ್ನೂ ಕೆಟ್ಟದ್ದು: ಹಾರುತ್ತಿದ್ದ ಕೀಟ ತಲೆಕೆಳಗಾಗಿ ಮಗುಚಿ ನೆಲಕ್ಕೆ ಬೀಳುತ್ತದೆ.

ಈ ಕೊನೆಯ ಮಾತನ್ನು ಸಾರ್ವಜನಿಕ ಕಲೆಯ ಬಗ್ಗೆ ಯೋಚಿಸುವವರು ಗಮನಿಸಬೇಕು. ಉದ್ಯಾನಗಳಲ್ಲಿ, ವೃತ್ತಗಳಲ್ಲಿ ಶಿಲ್ಪಗಳಿಗೆ ಬೆಳಕು ಹಾಕುವುದು ಹೇಗೆ? ನೆಲದಲ್ಲಿ ದೀಪ ಹೂತು, ಕೆಳಗಿನಿಂದ ಮೇಲಕ್ಕೆ. ಅಂದರೆ ಪತಂಗದ ಗೌರವಾರ್ಥ ನಿಲ್ಲಿಸಿದ ಶಿಲ್ಪಕ್ಕೆ ರೂಢಿಯಂತೆ ಬೆಳಕು ಕೊಟ್ಟರೆ, ಅದು ಪತಂಗಗಳನ್ನು ಕೆಡವುವ ಬಲೆಯಾಗುತ್ತದೆ.

ಬೊಗಾಂಗ್ ಪತಂಗಕ್ಕೆ ಬೆಳಕಿನಿಂದ ಇನ್ನೂ ಒಂದು ತೊಡಕಿದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಎರಿಕ್ ವಾರಂಟ್, ಡೇವಿಡ್ ಡ್ರೇಯರ್ ಮತ್ತು ಅವರ ತಂಡ ಬಹಳ ವರ್ಷಗಳಿಂದ ಈ ಪತಂಗದ ಹಿಂದೆ ಬಿದ್ದಿದೆ. ಅದು ಭೂಮಿಯ ಕಾಂತಕ್ಷೇತ್ರವನ್ನು ಗ್ರಹಿಸಿ, ಕಣ್ಣಿಗೆ ಕಾಣುವ ಗುರುತುಗಳ ಜೊತೆ ತಾಳೆ ನೋಡುತ್ತ ಹಾರುತ್ತದೆ ಎಂದು 2018ರಲ್ಲಿ ತೋರಿಸಿದರು. 2025ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಸೊಗಸಾದದ್ದು. ಕಾಂತಕ್ಷೇತ್ರವನ್ನು ಇಲ್ಲವಾಗಿಸಿದ ಕೋಣೆಯಲ್ಲಿ ಪತಂಗವನ್ನು ಸಣ್ಣ ಕಡ್ಡಿಗೆ ಅಂಟಿಸಿ ಹಾರಲು ಬಿಟ್ಟು, ಮೇಲೆ ನಕ್ಷತ್ರಗಳ ಆಕಾಶವನ್ನು ಬಿಂಬಿಸಿದರು. ಪತಂಗ ತಾನು ಆ ಋತುವಿನಲ್ಲಿ ಹೋಗಬೇಕಾದ ದಿಕ್ಕಿಗೇ ತಿರುಗಿತು. ಆಕಾಶವನ್ನು ಅರ್ಧ ಸುತ್ತು ತಿರುಗಿಸಿದರೆ ಅದೂ ತಿರುಗಿತು. ನಕ್ಷತ್ರಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿದಾಗ ದಿಕ್ಕೆಟ್ಟಿತು. ಭತ್ತದ ಕಾಳಿಗಿಂತ ಚಿಕ್ಕ ಮಿದುಳು ನಕ್ಷತ್ರಗಳನ್ನು ಓದಿ ಸಾವಿರ ಕಿಲೋಮೀಟರ್ ದಾರಿ ಹಿಡಿಯುತ್ತದೆ! ನಗರದ ಬೆಳಕು ಆ ನಕ್ಷತ್ರಗಳನ್ನೇ ಮಂಕು ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

2017ರಿಂದ ಈ ಪತಂಗಗಳ ಸಂಖ್ಯೆ ಕುಸಿಯಿತು. ಸಣ್ಣ ಕುಸಿತವಲ್ಲ. ಕೆಲವು ಗುಹೆಗಳಲ್ಲಿ ಲಕ್ಷಾಂತರ ಇರುತ್ತಿದ್ದ ಕಡೆ ಬೆರಳೆಣಿಕೆಯಷ್ಟೂ ಉಳಿಯಲಿಲ್ಲ. ಒಟ್ಟು ಇಳಿಕೆ ಶೇಕಡ 99.5ರಷ್ಟು ಎಂದು ಅಂದಾಜಿಸಿದರು. ಹುಟ್ಟುವ ಬಯಲುಗಳಲ್ಲಿ ಬಿದ್ದ ಭೀಕರ ಬರ ಮುಖ್ಯ ಕಾರಣವೆಂದು ಬಗೆದಿದ್ದಾರೆ. 2021ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದನ್ನು ಅಳಿವಿನಂಚಿನ ಜೀವಿ ಎಂದು ಸೇರಿಸಲಾಯಿತು. ಪೆಟ್ಟು ಬಿದ್ದದ್ದು ಪತಂಗಕ್ಕೆ ಮಾತ್ರವಲ್ಲ. ಬೆಟ್ಟದ ಬಂಡೆರಾಶಿಗಳಲ್ಲಿ ಪಿಗ್ಮಿ ಪೊಸಮ್ ಎಂಬ, ಸುಮಾರು 45 ಗ್ರಾಂ ತೂಗುವ, ಹೊಟ್ಟೆಚೀಲದ ಪುಟ್ಟ ಪ್ರಾಣಿ ಇದೆ. 1966ರಲ್ಲಿ ಒಂದು ಸ್ಕೀ ತಂಗುದಾಣದಲ್ಲಿ ಜೀವಂತವಾಗಿ ಸಿಗುವ ತನಕ ಅದು ಪಳೆಯುಳಿಕೆಯಲ್ಲಿ ಮಾತ್ರ ಇದೆಯೆಂದು ನಂಬಿದ್ದರು. ಚಳಿಗಾಲದ ದೀರ್ಘ ನಿದ್ರೆಯಿಂದ ಎದ್ದ ಪೊಸಮ್‌ಗಳಿಗೆ ಸರಿಯಾದ ಹೊತ್ತಿಗೆ ಸಿಗುತ್ತಿದ್ದ ಊಟ ಈ ಪತಂಗ. ಅದು ಬಾರದೆ ಹೋದ ವರ್ಷಗಳಲ್ಲಿ ತಾಯಂದಿರ ಚೀಲದಲ್ಲೇ ಮರಿಗಳು ಸತ್ತದ್ದನ್ನು ಸಂಶೋಧಕರು ಕಂಡರು. ಅಲ್ಲಿನ ಮೃಗಾಲಯಗಳನ್ನು ನಡೆಸುವ ಝೂಸ್ ವಿಕ್ಟೋರಿಯಾ ಸಂಸ್ಥೆ ಆಗ ಎರಡು ಕೆಲಸ ಶುರುಮಾಡಿತು. ಕಂಡ ಪತಂಗದ ಫೋಟೊ ಕಳಿಸಿ ಎಂದು ಜನರನ್ನು ಕೇಳಿತು. ವಲಸೆ ಕಾಲದಲ್ಲಿ ಹೊರಗಿನ ದೀಪ ಆರಿಸಿ ಎಂದು ಬೇಡಿಕೊಂಡಿತು.

ಗಮನಿಸಿ, ಶಿಲ್ಪಗಳು ನಿಂತದ್ದು 2001ರಲ್ಲಿ ಮತ್ತು 2012ರಲ್ಲಿ. ಕುಸಿತ ಬಂದದ್ದು ಆಮೇಲೆ. ಶಿಲ್ಪ ಇದ್ದ ಮಾತ್ರಕ್ಕೆ ಬರ ನಿಲ್ಲುವುದಿಲ್ಲ, ನಿಜ. ಕಾಟ ಕೊಡುವ ಹುಳವನ್ನು ಒಂದು ಊರು ತನ್ನದೆಂದು ಒಪ್ಪಿಕೊಳ್ಳುವಂತೆ ಅದು ಮಾಡಬಲ್ಲದು. ದೀಪ ಆರಿಸಿ ಎಂದಾಗ ಏಕೆ ಎಂದು ಕೇಳದೆ ಆರಿಸುವಷ್ಟು ಸಲುಗೆ ಬೆಳೆದಿರಬೇಕಾದರೆ, ಆ ಹುಳದ ಹೆಸರು ಮೊದಲೇ ಕಿವಿಗೆ ಬಿದ್ದಿರಬೇಕು. ಕಲೆಯಿಂದ ನಾನು ನಿರೀಕ್ಷಿಸುವುದು ಅಷ್ಟೇ. ಇದಕ್ಕಿಂತ ಹೆಚ್ಚು ಆಗಬೇಕಾದರೆ ಕಲ್ಲು ಲೋಹ ಸಾಲದು, ಗಿಡ ಬೇಕು.

ಗಿಡದ ಪ್ರಶ್ನೆ ಬಂದಾಗ ಸಾಮಾನ್ಯವಾಗಿ ಹೂವಿನ ಮಾತು ಬರುತ್ತದೆ. ಪತಂಗದ ಮಟ್ಟಿಗೆ ಎಲೆ ಮುಖ್ಯ. ಜಗತ್ತಿನಲ್ಲಿ ಹೆಸರಿಟ್ಟಿರುವ ಪತಂಗಗಳು ಸುಮಾರು 1,60,000 ಬಗೆ. ಚಿಟ್ಟೆಗಳ ಬಗೆಗಳು ಅದಕ್ಕಿಂತ ಎಷ್ಟೋ ಕಡಿಮೆ. ಇವುಗಳಲ್ಲಿ ಹಲವು ಪತಂಗಗಳಿಗೆ ರೆಕ್ಕೆ ಬಂದ ಮೇಲೆ ಬಾಯೇ ಇರುವುದಿಲ್ಲ. ಮಲೆನಾಡಿನಲ್ಲಿ ಆಗಾಗ ಗೋಡೆಯ ಮೇಲೆ ಕೂತು ಪತ್ರಿಕೆಗಳಲ್ಲಿ ಸುದ್ದಿಯಾಗುವ ಅಟ್ಲಾಸ್ ಪತಂಗ, ತಿಳಿಹಸಿರು ಬಾಲದ ಚಂದ್ರ ಪತಂಗ, ನಮ್ಮ ರೇಷ್ಮೆ ಪತಂಗ, ಎಲ್ಲವೂ ಈ ಗುಂಪಿನವು. ಮರಿಹುಳುವಾಗಿದ್ದಾಗ ತಿಂದದ್ದೇ ಅವುಗಳ ಬದುಕಿನ ಪೂರ್ತಿ ಬುತ್ತಿ. ಹುಳ ಸಿಕ್ಕ ಸಿಕ್ಕ ಎಲೆ ತಿನ್ನುವುದಿಲ್ಲ. ಗಿಡಗಳು ತಮ್ಮ ಎಲೆಗಳಲ್ಲಿ ಕಹಿ, ವಿಷ, ಅಂಟು ಹಾಲು ತುಂಬಿಕೊಂಡು ಕಾಪಾಡಿಕೊಳ್ಳುತ್ತವೆ. ಒಂದೊಂದು ಬಗೆಯ ಹುಳ ಲಕ್ಷಾಂತರ ವರ್ಷ ಜೊತೆಗೆ ಬಾಳಿ, ಒಂದೊಂದು ಗಿಡದ ವಿಷವನ್ನು ಅರಗಿಸಿಕೊಳ್ಳುವುದನ್ನು ಕಲಿತಿದೆ. ದೂರದೇಶದಿಂದ ತಂದ ಗಿಡದ ವಿಷಕ್ಕೆ ಇಲ್ಲಿನ ಹುಳದ ಬಳಿ ಮದ್ದಿಲ್ಲ. ಆ ಗಿಡ ಹೂವಿನಿಂದ ತುಂಬಿದ್ದರೂ ಹುಳದ ಪಾಲಿಗೆ ಬರಡು.

ಅಮೆರಿಕದ ಕೀಟತಜ್ಞ ಡಗ್ಲಸ್ ಟ್ಯಾಲಮಿ ಇದನ್ನು ಎಣಿಸಿ ತೋರಿಸಿದವರಲ್ಲಿ ಪ್ರಮುಖರು. ಆ ದೇಶದ ಪೂರ್ವ ಭಾಗದಲ್ಲಿ ಓಕ್ ಜಾತಿಯ ಮರಗಳು 500ಕ್ಕೂ ಹೆಚ್ಚು ಬಗೆಯ ಚಿಟ್ಟೆ ಪತಂಗಗಳ ಹುಳುಗಳನ್ನು ಸಾಕುತ್ತವೆ. ಅದೇ ಬೀದಿಯಲ್ಲಿ ಚೆಂದಕ್ಕೆಂದು ನೆಟ್ಟ ಚೀನಾ ಮೂಲದ ಗಿಂಕ್ಗೊ ಮರದಲ್ಲಿ ಬೆರಳೆಣಿಕೆಯಷ್ಟು. ಚಿಕಡೀ ಎಂಬ ಸಣ್ಣ ಹಕ್ಕಿ ಒಂದು ಸಂಸಾರ ಸಾಕಲು 6,000ದಿಂದ 9,000 ಹುಳು ಹಿಡಿಯಬೇಕು. ವಾಷಿಂಗ್ಟನ್ ನಗರದ ಮನೆಗಳ ಹಿತ್ತಿಲುಗಳಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಸಿರಿನಲ್ಲಿ ಸ್ಥಳೀಯ ಗಿಡಗಳ ಪಾಲು ಶೇಕಡ 70ಕ್ಕಿಂತ ಕಡಿಮೆಯಾದರೆ ಅಲ್ಲಿ ಈ ಹಕ್ಕಿಯ ಸಂತತಿ ತನ್ನನ್ನು ತಾನು ಉಳಿಸಿಕೊಳ್ಳಲಾರದು. ಬೊಗಾಂಗ್ ಪತಂಗದ ಮರಿ ಇದಕ್ಕೆ ಅಪವಾದ, ಅದು ಹಲವು ಬಗೆಯ ಪೈರುಗಳನ್ನು ತಿನ್ನುತ್ತದೆ. ಹಾಗಾಗಿಯೇ ರೈತರ ಕೆಂಗಣ್ಣಿಗೆ ಗುರಿಯಾದದ್ದು.

ಗಿಡಗಳನ್ನೇ ಕಲಾಕೃತಿಯಾಗಿಸಿದವರಿದ್ದಾರೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಸಾರಾ ಬರ್ಗ್‌ಮನ್ ಎಂಬ ವಿನ್ಯಾಸಕಿ, ಕೊಲಂಬಿಯಾ ಸ್ಟ್ರೀಟ್ ಎಂಬ ಬೀದಿಯಲ್ಲಿ ಒಂದು ಮೈಲಿ ಉದ್ದಕ್ಕೆ, ಮನೆಗಳ ಮುಂದಿನ ಕಿರಿದಾದ ಹುಲ್ಲುಪಟ್ಟಿಗಳನ್ನು ಪರಾಗ ಹೊರುವ ಕೀಟಗಳ ದಾರಿಯಾಗಿ ಬದಲಿಸಲು ಹೊರಟರು. ಒಂದು ತುದಿಯಲ್ಲಿ ಸಿಯಾಟಲ್ ವಿಶ್ವವಿದ್ಯಾಲಯ, ಇನ್ನೊಂದು ತುದಿಯಲ್ಲಿ ನೋರಾಸ್ ವುಡ್ಸ್ ಎಂಬ ಪುಟ್ಟ ತೋಪು. ಎರಡು ಹಸಿರು ತುಣುಕುಗಳ ನಡುವೆ ಇದ್ದ ಕಾಂಕ್ರೀಟಿನ ಅಂತರ ತುಂಬುವುದೇ ಕೃತಿ.

ಬ್ರಿಟನ್ನಿನ ಕಲಾವಿದೆ ಅಲೆಕ್ಸಾಂಡ್ರಾ ಡೈಸಿ ಗಿನ್ಸ್‌ಬರ್ಗ್ ಅವರ ‘ಪಾಲಿನೇಟರ್ ಪಾಥ್‌ಮೇಕರ್’ ಇನ್ನೂ ವಿಚಿತ್ರವಾದದ್ದು. ಕಾರ್ನ್‌ವಾಲ್‌ನ ಈಡನ್ ಪ್ರಾಜೆಕ್ಟ್ ಎಂಬ ಸಸ್ಯೋದ್ಯಾನಕ್ಕಾಗಿ ರೂಪುಗೊಂಡ ಈ ಕೃತಿಯ ಮೊದಲ ತೋಟ 55 ಮೀಟರ್ ಉದ್ದದ್ದು. ಆಮೇಲೆ ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸ್‌ನಲ್ಲಿ, 2023ರಲ್ಲಿ ಬರ್ಲಿನ್ನಿನ ಪ್ರಾಕೃತಿಕ ಇತಿಹಾಸ ಮ್ಯೂಸಿಯಂ ಮುಂದೆ ಅದರ ಬೇರೆ ಆವೃತ್ತಿಗಳು ಬೆಳೆದವು. ಯಾವ ಗಿಡ, ಎಲ್ಲಿ, ಎಷ್ಟು ಎಂಬುದನ್ನು ಒಂದು ಅಲ್ಗಾರಿದಮ್, ಅಂದರೆ ಕಂಪ್ಯೂಟರಿನ ಲೆಕ್ಕದ ಸೂತ್ರ, ನಿರ್ಧರಿಸುತ್ತದೆ. ಅದಕ್ಕೆ ಕೊಟ್ಟ ಗುರಿ ಒಂದೇ: ಆದಷ್ಟು ಹೆಚ್ಚು ಬಗೆಯ ಪರಾಗವಾಹಕಗಳಿಗೆ, ಅಂದರೆ ಜೇನ್ನೊಣ, ಕಣಜ, ನೊಣ, ಚಿಟ್ಟೆ, ಪತಂಗ, ಜೀರುಂಡೆಗಳಿಗೆ, ವರ್ಷದ ಆದಷ್ಟು ದಿನ ಊಟ ಸಿಗಬೇಕು. ಮನುಷ್ಯರ ಕಣ್ಣಿಗೆ ಬಣ್ಣ ಹೊಂದುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಲೆಕ್ಕದಲ್ಲಿಲ್ಲ. ಫಲಿತಾಂಶ ನಮಗೆ ಕೊಂಚ ಗೊಂದಲದ ತೋಟವಾಗಿ ಕಾಣುತ್ತದೆ. ಇಲ್ಲಿ ಕಲೆಯ ಪ್ರೇಕ್ಷಕ ಕೀಟ, ನಾವು ಪಕ್ಕದಲ್ಲಿ ನಿಂತವರು. ಅಲ್ಗಾರಿದಮ್ ಎಂಬ ಪದಕ್ಕೆ ಮರುಳಾಗುವವರ ಪೈಕಿ ನಾನಲ್ಲ. ಒಳ್ಳೆಯ ಮಾಲಿಗೂ ಇಷ್ಟು ಗೊತ್ತಿರುತ್ತದೆ. ಆದರೆ ಯಾರ ರುಚಿಗೆ ತೋಟ ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಕೃತಿ ಇನ್ನೊಂದು ನನಗೆ ನೆನಪಾಗುವುದಿಲ್ಲ.

ಬೆಂಗಳೂರಿನವರು ಈ ಪ್ರಶ್ನೆಯನ್ನು ತಮ್ಮ ಬೀದಿಗೇ ಕೇಳಿಕೊಳ್ಳಬಹುದು. ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಗುಸ್ಟಾವ್ ಹರ್ಮನ್ ಕ್ರುಂಬಿಗಲ್ ನಗರದಲ್ಲಿ ವರ್ಷವಿಡೀ ಒಂದಲ್ಲ ಒಂದು ಬೀದಿ ಹೂಬಿಟ್ಟಿರಬೇಕೆಂದು ಮರಗಳನ್ನು ಆಯ್ದರು. ಇಂದಿಗೂ ನಾವು ಮೆಚ್ಚುವ ನಗರದ ಹೂಮರಗಳಲ್ಲಿ ಟಬೂಬಿಯ ಮತ್ತು ಜಕರಂಡ ದಕ್ಷಿಣ ಅಮೆರಿಕದವು, ಗುಲ್‌ಮೊಹರ್ ಮಡಗಾಸ್ಕರಿನದು. ಅದು ಮನುಷ್ಯನ ಕಣ್ಣಿಗೆ ಕಟ್ಟಿದ ಬಹುದೊಡ್ಡ ಸಾರ್ವಜನಿಕ ಕಲಾಕೃತಿ, ಅದರಲ್ಲಿ ಅನುಮಾನವಿಲ್ಲ. ಪತಂಗದ ಕಣ್ಣಿಗೆ ಕಟ್ಟುವುದಾದರೆ ಪಟ್ಟಿ ಬೇರೆಯಾಗುತ್ತಿತ್ತು. ಅದರಲ್ಲಿ ಮತ್ತಿ, ಹೊಳೆಮತ್ತಿ ಇರುತ್ತಿದ್ದವು. ಟಸರ್ ರೇಷ್ಮೆಯ ಹುಳು ತಿನ್ನುವುದು ಈ ಮರಗಳ ಎಲೆಯನ್ನೇ. ನಂದಿಬಟ್ಟಲು ಇರುತ್ತಿತ್ತು. ಸಂಜೆ ಅರಳಿ ಬೆಳಗಾಗುವುದರೊಳಗೆ ಉದುರುವ ಪಾರಿಜಾತ ಇರುತ್ತಿತ್ತು. ರಾತ್ರಿ ಅರಳುವ ಹೂಗಳು ಹೆಚ್ಚಾಗಿ ಬಿಳಿ, ಗಾಢ ಪರಿಮಳದವು, ಉದ್ದ ಕೊಳವೆಯವು. ಕತ್ತಲಲ್ಲಿ ಕೆಂಪು ಕಾಣುವುದಿಲ್ಲ, ಬಿಳಿ ಕಾಣುತ್ತದೆ. ಪರಿಮಳ ದೂರದಿಂದ ಕರೆಯುತ್ತದೆ. ಕೊಳವೆಯ ತಳದ ಮಕರಂದ ಉದ್ದ ನಾಲಿಗೆಯವರಿಗೆ ಮೀಸಲು. ಮುಡಿಗೇರಿಸುವ ಹೂವಿನ ಪರಿಮಳ ಪತಂಗಕ್ಕೆಂದು ಹುಟ್ಟಿದ್ದು ಎಂದರೆ ಮಲ್ಲಿಗೆ ಪ್ರಿಯರು ಬೇಸರಿಸಬಾರದು.

ಕರ್ನಾಟಕಕ್ಕೆ ಪತಂಗದ ಜೊತೆ ಇರುವಷ್ಟು ಹತ್ತಿರದ ವ್ಯವಹಾರ ದೇಶದ ಬೇರೆ ರಾಜ್ಯಗಳಿಗೆ ಇರುವುದು ಕಡಿಮೆ. ಹಿಪ್ಪುನೇರಳೆ ತೋಟ, ಚಂದ್ರಿಕೆ, ರಾಮನಗರ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ನೂಲು ಬಿಚ್ಚಾಣಿಕೆ, ಮೈಸೂರು ರೇಷ್ಮೆ ಸೀರೆ, ಎಲ್ಲದರ ಮೂಲ ಒಂದು ಪತಂಗ. ಆದರೂ ಪತಂಗವನ್ನು ಕಂಡವರು ವಿರಳ, ಏಕೆಂದರೆ ಗೂಡು ಒಡೆದು ಅದು ಹೊರಬರುವ ಮೊದಲೇ ಬಿಸಿ ಆವಿ ಕೊಟ್ಟು ಒಳಗಿನ ಜೀವವನ್ನು ಮುಗಿಸಬೇಕು, ಇಲ್ಲದಿದ್ದರೆ ಎಳೆ ತುಂಡಾಗುತ್ತದೆ. ತಳಿಗಾಗಿ ಉಳಿಸಿಕೊಂಡವುಗಳಿಗೂ ಹಾರಲು ಬಾರದು, ಸಾವಿರಾರು ವರ್ಷಗಳ ಸಾಕಣೆ ಆ ಶಕ್ತಿಯನ್ನು ಕಿತ್ತುಕೊಂಡಿದೆ. ರಾಮನಗರದ ವೃತ್ತದಲ್ಲಿ ಒಂದು ಶಿಲ್ಪ ನಿಲ್ಲಿಸುವುದಾದರೆ ರೇಷ್ಮೆಗೂಡನ್ನು ಮಾಡುವವರು ಸಿಕ್ಕಾರು. ಒಳಗಿದ್ದದ್ದನ್ನು ಕೆತ್ತುವ ಧೈರ್ಯದವರು ಬೇಕು.

ಗೋಡೆಗೆ ಚಿತ್ರ ಬರೆಯುವುದಾದರೆ ನನ್ನ ಆಯ್ಕೆ ಕಣಗಿಲೆ ಪತಂಗ. ಹಸಿರಿನ ಹತ್ತು ಛಾಯೆಗಳು, ನಡುವೆ ಗುಲಾಬಿ ಮತ್ತು ಬಿಳಿಯ ಸುರುಳಿ ಗೆರೆಗಳು; ಅದರ ಹುಳು ಕಣಗಿಲೆಯನ್ನೂ ನಂದಿಬಟ್ಟಲನ್ನೂ ತಿನ್ನುತ್ತದೆ, ಮನುಷ್ಯನಿಗೆ ವಿಷವಾದ ಕಣಗಿಲೆಯ ಎಲೆ ಅದಕ್ಕೆ ಅಂಬಲಿ. ಮೇಲೆ ಹೇಳಿದ 2024ರ ಪ್ರಯೋಗದಲ್ಲಿ ನೆಲದ ಬೆಳಕಿಗೆ ಮಗುಚಿ ಬೀಳದೆ ಹಾರಿದ ಅಪರೂಪದ ಕೀಟಗಳಲ್ಲಿ ಇದೂ ಒಂದು. ಹಾಗೆಂದು ಉಳಿದವುಗಳನ್ನು ಕೆಡವುವ ದೀಪ ಹಾಕಲು ಅದು ಪರವಾನಗಿಯಲ್ಲ.

ಚಿತ್ರಕಾರರಿಗೆ ಒಂದು ಮಾತು. ಗೋಡೆಗಳ ಮೇಲೆ ಕಾಣುವ ಪತಂಗ ಚಿಟ್ಟೆಗಳು ಬಹುಪಾಲು ನಾಲ್ಕೂ ರೆಕ್ಕೆ ಪೂರ್ತಿ ಬಿಚ್ಚಿ, ಎಡಬಲ ಸಮವಾಗಿ ಚಪ್ಪಟೆಯಾಗಿ ಇರುತ್ತವೆ. ಫ್ರಾನ್ಸಿನ ಮಂತ್ರಾ ಎಂಬ ಹೆಸರಿನ ಕಲಾವಿದ ಚಿಟ್ಟೆಗಳನ್ನು ಬೃಹತ್ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಂತೆಯೇ ಬರೆಯುತ್ತಾರೆ, ಅಲ್ಲಿ ಅದು ಉದ್ದೇಶಪೂರ್ವಕ. ಉಳಿದವರಲ್ಲಿ ಅದು ರೂಢಿ. ಅದು ಸೂಜಿ ಚುಚ್ಚಿದ ಸತ್ತ ಕೀಟದ ಭಂಗಿ, ಮ್ಯೂಸಿಯಂ ಪೆಟ್ಟಿಗೆಯಿಂದ ಬಂದದ್ದು. ಬದುಕಿರುವ ಬಹಳಷ್ಟು ಪತಂಗಗಳು ಹಗಲು ಹಿಂದಿನ ರೆಕ್ಕೆಗಳನ್ನು ಮುಂದಿನ ರೆಕ್ಕೆಯಡಿ ಮಡಚಿ, ತೊಗಟೆಗೋ ಒಣ ಎಲೆಗೋ ಅಂಟಿಕೊಂಡು, ಅದೇ ಆಗಿಬಿಡುತ್ತವೆ. ದೊಡ್ಡ ಗೋಡೆಯ ಮೇಲೆ ಮರದ ತೊಗಟೆಯನ್ನಷ್ಟೇ ಬರೆದು, ನೋಡುವವನು ಒಂದು ನಿಮಿಷ ನಿಂತರೆ ಮಾತ್ರ ಪತಂಗ ಮೂಡುವಂತೆ ಮಾಡಿದರೆ, ಆ ಜೀವದ ನಿಜವಾದ ಜಾಣ್ಮೆಗೆ ನ್ಯಾಯ ಸಿಗುತ್ತದೆ.

ಬೆಳಕಿನ ವಿಷಯದಲ್ಲಿ ಅಂಕಿಗಳು ಸ್ಪಷ್ಟವಾಗಿವೆ. ಸ್ವಿಟ್ಜರ್ಲೆಂಡಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೀಪ ಹಾಕಿದ ಹುಲ್ಲುಗಾವಲಿನ ಹೂಗಳಿಗೆ ರಾತ್ರಿಯ ಕೀಟಗಳ ಭೇಟಿ ಶೇಕಡ 62ರಷ್ಟು ಇಳಿಯಿತು. ಅಲ್ಲಿ ಪರೀಕ್ಷಿಸಿದ ಗಿಡದ ಕಾಯಿಕಟ್ಟು ಶೇಕಡ 13 ಕಡಿಮೆಯಾಯಿತು, ಹಗಲಿನ ಕೀಟಗಳು ಎಂದಿನಂತೆ ಬಂದರೂ. ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ 2021ರ ಅಧ್ಯಯನ ಕಂಡದ್ದು, ಬೀದಿದೀಪದಡಿಯ ಪೊದೆಬೇಲಿಗಳಲ್ಲಿ ಪತಂಗದ ಹುಳುಗಳು ಕತ್ತಲಿನ ಬೇಲಿಗಳಿಗಿಂತ ಶೇಕಡ 47 ಕಡಿಮೆ, ಹುಲ್ಲಂಚುಗಳಲ್ಲಿ ಶೇಕಡ 33 ಕಡಿಮೆ. ಹಳದಿ ಸೋಡಿಯಂ ದೀಪಕ್ಕಿಂತ ಬಿಳಿ ಎಲ್‌ಇಡಿಯ ಕೆಳಗೆ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. ವಿದ್ಯುತ್ ಉಳಿಸಲೆಂದು ನಮ್ಮ ಊರೂರಿನಲ್ಲಿ ಹಾಕುತ್ತಿರುವುದು ಇದೇ ಬಿಳಿ ದೀಪ. ದೀಪ ಬೇಡವೇ ಬೇಡ ಎಂದರೆ ರಾತ್ರಿ ಓಡಾಡುವ ಹೆಂಗಸರಿಗೆ, ಮುದುಕರಿಗೆ ಅನ್ಯಾಯವಾಗುತ್ತದೆ. ದಾರಿಗೆ ಬೇಕಾದಷ್ಟು ದೀಪ, ತಲೆಯ ಮೇಲೆ ಮುಚ್ಚಳವಿದ್ದು ಕೆಳಕ್ಕೆ ಮಾತ್ರ ಬೀಳುವಂತೆ, ನೀಲಿ ಅಂಶ ಕಡಿಮೆಯಿರುವ ಹಳದಿ ಬಣ್ಣದ್ದು, ಜನಸಂಚಾರ ನಿಂತ ಮೇಲೆ ತಾನಾಗಿ ಆರುವಂಥದ್ದು. ಶಿಲ್ಪಕ್ಕೆ, ಚಿತ್ರಕ್ಕೆ ಬೇರೆ ದೀಪ ಬೇಡ. ಹಗಲು ನೋಡಿದರಾಯಿತು.

ಇಷ್ಟೆಲ್ಲ ಮಾಡಿ ಗಿಡ ನೆಟ್ಟ ಮೇಲೆ ಕೆಲಸ ಕೆಡುವುದು ಸಾಮಾನ್ಯವಾಗಿ ನಿರ್ವಹಣೆಯಲ್ಲಿ. ಉದ್ಘಾಟನೆಯಾದ ಕೆಲವು ತಿಂಗಳಿಗೆ ನಂದಿಬಟ್ಟಲಿನ ಎಲೆಗಳಲ್ಲಿ ತೂತು ಬೀಳುತ್ತದೆ, ರೆಂಬೆ ಬೋಳಾಗುತ್ತದೆ, ಹೆಬ್ಬೆರಳು ಗಾತ್ರದ ಹಸಿರು ಹುಳು ಕಂಡು ಯಾರೋ ದೂರು ಕೊಡುತ್ತಾರೆ. ಗುತ್ತಿಗೆದಾರ ಔಷಧ ಸಿಂಪಡಿಸಿ ಬಿಲ್ಲು ಮಾಡುತ್ತಾನೆ. ಗೋಡೆಯ ಮೇಲೆ ಪತಂಗದ ಚಿತ್ರ, ಅದರ ಬುಡದಲ್ಲಿ ಕೀಟನಾಶಕದ ವಾಸನೆ. ಆದ್ದರಿಂದ ನಿರ್ವಹಣೆಯ ಕರಾರಿನಲ್ಲೇ ಸಿಂಪಡಣೆ ಇಲ್ಲ ಎಂದು ಬರೆಸಬೇಕು, ತೂತು ಬಿದ್ದ ಎಲೆಯೇ ಈ ಕೃತಿಯ ಭಾಗ ಎಂದು ಫಲಕದಲ್ಲಿ ಹೇಳಬೇಕು. ಇನ್ನೊಂದು ಸಾಲು ಪೌರಕಾರ್ಮಿಕರ ಮೇಸ್ತ್ರಿಗೆ: ಗಿಡದ ಬುಡದ ತರಗೆಲೆಯನ್ನು ಗುಡಿಸಿ ಸುಡಬಾರದು. ತಿಂದು ದಣಿದ ಕಣಗಿಲೆ ಪತಂಗದ ಹುಳು ಬಣ್ಣ ಕಂದಾಗಿ ನೆಲಕ್ಕಿಳಿದು, ಆ ತರಗೆಲೆಗಳ ನಡುವೆಯೇ ಕೋಶ ಕಟ್ಟುತ್ತದೆ.